ಪುಟ್ಟಿಗೆ ಕಾಗದ: ಪಾಪು ಕೈಗೆ ಕೊಡುವ ತರಕಾರಿ

ಲೆಸ್ಟರ್, ಇಂಗ್ಲೆಂಡ್
ಭಾನುವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ನಾವೆಲ್ಲ ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು. ಅಪ್ಪ ಬರೆಯುತ್ತಿದ್ದ ಹಾಗೇ ಶುರು ಮಾಡಿದ್ದೇನೆ, ನಗಬೇಡ. ಪಾಪು ತಾನೇ ಕೈಯಲ್ಲಿ ಹಿಡಿದು ತಿನ್ನುವ ಹಾಗೆ ಬಣ್ಣಬಣ್ಣದ ತರಕಾರಿ ಏನು ಮಾಡಿಕೊಡೋದು ಅಂತ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಅರ್ಧ ಹೇಳುವಷ್ಟರಲ್ಲಿ ಅಮ್ಮ ಫೋನ್ ಕಿತ್ತುಕೊಂಡು, "ಹಲ್ಲೇ ಬಂದಿಲ್ಲದ ಮಗುವಿಗೆ ಕ್ಯಾರೆಟ್ ಕೋಲು ಕೊಡ್ತಾರಂತೆ, ಗಂಟಲಿಗೆ ಸಿಕ್ಕಿಕೊಂಡ್ರೆ ಏನೋ ಗತಿ" ಅಂತ ಹಿಡಿದುಕೊಂಡಳು. ಅವಳಿಗೂ ನಿನಗೂ ಒಂದೇ ಸಲ ಉತ್ತರ ಆಗಲಿ ಅಂತ ಬರೆಯುತ್ತಿದ್ದೇನೆ. ಅಮ್ಮನಿಗೆ ಓದಿ ಹೇಳು. ಬೈದರೆ ನನಗೆ ತಿಳಿಸಬೇಡ.

ಇಲ್ಲಿ ಹೆರಿಗೆ ರಜೆಯನ್ನು ಗಂಡ ಹೆಂಡತಿ ಹಂಚಿಕೊಳ್ಳಬಹುದು. ಹಾಗಾಗಿ ನಿನ್ನ ಅತ್ತಿಗೆ ಕೆಲಸಕ್ಕೆ ವಾಪಸ್ ಹೋದ ಮೇಲೆ ನಮ್ಮ ಮಗಳು ಚಿನ್ನುಗೆ ಊಟ ಶುರು ಮಾಡಿಸಿದವನು ನಾನೇ. ಅನ್ನ ಸಾರು ಬಿಟ್ಟರೆ ಏನೂ ಬಾರದವನು ಇವನು ಅಂತ ನೀನು ಆಡಿಕೊಳ್ಳುತ್ತಿದ್ದೆಯಲ್ಲ, ಈಗ ನೋಡು, ನಿನಗೇ ಪಾಠ ಹೇಳುತ್ತಿದ್ದೇನೆ.

ಮೊದಲು ಯಾವಾಗ ಅನ್ನೋದು. ಇಲ್ಲಿ ಮನೆಗೇ ಬಂದು ಮಗುವನ್ನು ನೋಡುವ ಹೆಲ್ತ್ ವಿಸಿಟರ್ ಅಂತ ನರ್ಸ್ ಇರುತ್ತಾರೆ. ಅವರು ಹೇಳಿದ್ದು ಸುಮಾರು 6 ತಿಂಗಳು. ನಮ್ಮ ಕಡೆ ಹೊರನಾಡಿಗೆ ಕರೆದುಕೊಂಡು ಹೋಗಿ ಅನ್ನಪ್ರಾಶನ ಮಾಡಿಸುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಲ್ವಾ. ತಿಂಗಳು ಎಣಿಸಿದರೆ ಮಾತ್ರ ಸಾಲದು. ಪಾಪು ಕತ್ತು ನೆಟ್ಟಗೆ ಇಟ್ಟುಕೊಂಡು ಕೂರಬೇಕು. ಕಣ್ಣಿಗೆ ಕಂಡದ್ದನ್ನು ತಾನೇ ಹಿಡಿದು ಬಾಯಿಗೆ ಒಯ್ಯಬೇಕು. ಬಾಯಿಗೆ ಹಾಕಿದ್ದನ್ನು ನಾಲಿಗೆಯಿಂದ ಹೊರಗೆ ತಳ್ಳದೆ ನುಂಗಬೇಕು. ಈ ಮೂರೂ ಬಂದಿದ್ದರೆ ಶುರು ಮಾಡು. ರಾತ್ರಿ ನಿದ್ದೆ ಮಾಡಲ್ಲ, ಕೈ ಚೀಪುತ್ತದೆ, ಹಸಿವಿರಬೇಕು ಅಂತ ಪಕ್ಕದ ಮನೆಯವರು ಹೇಳುವುದನ್ನು ಲೆಕ್ಕಕ್ಕೆ ಹಿಡಿಯಬೇಡ.

ಈಗ ಅಮ್ಮನ ಗಂಟಲಿನ ವಿಷಯ. ಅವಳ ಭಯ ಸುಳ್ಳಲ್ಲ. ಹಸಿ ಕ್ಯಾರೆಟ್ಟು, ಹಸಿ ಸೇಬಿನ ಹೋಳು, ಇಡೀ ದ್ರಾಕ್ಷಿ, ಕಡಲೆಬೀಜ, ಗೋಡಂಬಿ, ಕೊಬ್ಬರಿ ಚೂರು, ಹುರಿಗಾಳು, ಪಾಪ್‌ಕಾರ್ನ್, ಇವು ನಿಜಕ್ಕೂ ಅಪಾಯ. ಇಡೀ ಬೀಜಗಳನ್ನು 5 ವರ್ಷದವರೆಗೂ ಕೊಡಬೇಡಿ ಅಂತಾರೆ ಇಲ್ಲಿ. ದ್ರಾಕ್ಷಿಯನ್ನು, ಸಣ್ಣ ಟೊಮೆಟೊವನ್ನು ಉದ್ದುದ್ದ ನಾಲ್ಕು ಸೀಳಾಗಿ ಸೀಳಬೇಕು. ಮಾವ ಬಂದಾಗ ಜೇಬಿನಿಂದ ಕಡಲೆಬೀಜ ತೆಗೆದು ಮಕ್ಕಳ ಬಾಯಿಗೆ ಹಾಕುವುದನ್ನು ದಯವಿಟ್ಟು ನಿಲ್ಲಿಸು. ಆದರೆ ನಾನು ಹೇಳುತ್ತಿರುವುದು ಮೆತ್ತಗೆ ಬೆಂದ ಕ್ಯಾರೆಟ್. ಎರಡು ಬೆರಳಲ್ಲಿ ಹಿಡಿದು ಒತ್ತಿದರೆ ಪಿಚ್ಚಂತ ಹಿಚುಕಿಹೋಗಬೇಕು, ಅಷ್ಟು ಮೆತ್ತಗೆ. ಹಲ್ಲಿಲ್ಲದಿದ್ದರೂ ವಸಡಲ್ಲೇ ಅಗಿಯುತ್ತವೆ ಮಕ್ಕಳು. ಅಮ್ಮನಿಗೆ ನಂಬಿಕೆ ಇಲ್ಲದಿದ್ದರೆ ಪಾಪು ಬಾಯಲ್ಲಿ ಬೆರಳಿಟ್ಟು ನೋಡಲಿ.

ಇನ್ನೊಂದು. ಸಣ್ಣ ಮಗುವಿಗೆ ಸಣ್ಣ ಚೂರು ಅಂತ ನಮಗೆಲ್ಲ ಅನ್ನಿಸುತ್ತದೆ. ನಡೆಯುವುದು ಉಲ್ಟಾ. 6 ತಿಂಗಳಲ್ಲಿ ಅವು ಇಡೀ ಮುಷ್ಟಿಯಲ್ಲಿ ಹಿಡಿಯುತ್ತವೆ, ಮುಷ್ಟಿಯೊಳಗೆ ಹೋದದ್ದನ್ನು ತಿನ್ನುವುದಕ್ಕೆ ಗೊತ್ತಾಗುವುದಿಲ್ಲ, ಮುಷ್ಟಿಯ ಮೇಲೆ ಚಾಚಿಕೊಂಡಿರುವ ತುದಿಯನ್ನು ಮಾತ್ರ ಕಚ್ಚುತ್ತವೆ. ಅದಕ್ಕೇ ನಿನ್ನ ತೋರುಬೆರಳಿನಷ್ಟು ಉದ್ದ, ಅಷ್ಟೇ ದಪ್ಪ ಹೆಚ್ಚಬೇಕು. ಸುಮಾರು 9 ತಿಂಗಳಿಗೆ ಹೆಬ್ಬೆರಳು ತೋರುಬೆರಳು ಸೇರಿಸಿ ನೆಲದ ಮೇಲಿನ ಇರುವೆಯನ್ನೂ ಎತ್ತುವ ಕಾಲ ಬರುತ್ತದೆ. ಸಣ್ಣ ಚೂರು ಆಗ.

ಮೊದಮೊದಲು ಪಾಪು ವಾಕರಿಸುತ್ತದೆ. ಮುಖ ಕೆಂಪಾಗುತ್ತದೆ, ಕಣ್ಣಲ್ಲಿ ನೀರು, ಸದ್ದು, ನಾಲಿಗೆ ಹೊರಗೆ. ಅದು ದೊಡ್ಡ ತುಂಡನ್ನು ಮುಂದಕ್ಕೆ ತಳ್ಳುವ ದೇಹದ ಉಪಾಯ, ಸಣ್ಣ ಮಕ್ಕಳಿಗೆ ನಮಗಿಂತ ನಾಲಿಗೆಯ ಮುಂದಿನ ಕಡೆಗೇ ಅದು ಶುರುವಾಗುತ್ತದೆ. ಕೂಗಾಡದೆ ಸುಮ್ನೆ ನೋಡುತ್ತಾ ಕೂತರೆ ತಾನೇ ಸರಿಮಾಡಿಕೊಳ್ಳುತ್ತದೆ. ಹೆದರಬೇಕಾದ್ದು ಸದ್ದೇ ಇಲ್ಲದಿದ್ದಾಗ. ಅಳಲೂ ಆಗದೆ, ಕೆಮ್ಮಲೂ ಆಗದೆ ಇದ್ದರೆ ಆಗ ಮಗುವನ್ನು ತಲೆ ಕೆಳಗಿರುವ ಹಾಗೆ ತೊಡೆ ಮೇಲೆ ಬೋರಲು ಹಾಕಿ ಬೆನ್ನಿನ ಮೇಲೆ, ಎರಡು ಹೆಗಲಿನ ನಡುವೆ ಅಂಗೈ ಬುಡದಿಂದ ತಟ್ಟಬೇಕು. ಕಾಣದೆ ಬಾಯೊಳಗೆ ಬೆರಳು ಹಾಕಿ ಕೆದಕಬಾರದು, ಇನ್ನೂ ಒಳಗೆ ಹೋಗಿಬಿಡುತ್ತದೆ. ಇದನ್ನು ನಿಮ್ಮ ಮಕ್ಕಳ ಡಾಕ್ಟರ ಹತ್ತಿರ ಕೈಯಲ್ಲಿ ಮಾಡಿ ತೋರಿಸಿ ಅಂತ ಕೇಳಿ ಕಲಿತುಕೋ, ಕಾಗದದಲ್ಲಿ ಬರೆದರೆ ಬರುವುದಿಲ್ಲ. ತಿನ್ನುವಾಗ ಮಗು ನೆಟ್ಟಗೆ ಕೂತಿರಲಿ, ನೀನು ಪಕ್ಕದಲ್ಲಿರು. ಓಡಾಡುವಾಗ, ಕಾರಿನಲ್ಲಿ, ಮಲಗಿದಾಗ ಬೇಡ.

ಭಯದ ಮಾತು ಮುಗಿಯಿತು. ಇನ್ನು ಅಡುಗೆ.

ಬಣ್ಣ ಅಂದೆಯಲ್ಲ, ಬಣ್ಣವೇ ಇಲ್ಲಿ ಅರ್ಧ ಕೆಲಸ ಮಾಡುತ್ತದೆ. ಬಿಳಿ ತಟ್ಟೆಯಲ್ಲಿ ಸಿಹಿಗುಂಬಳ, ಬೀಟ್‌ರೂಟ್, ಬೀನ್ಸ್ ಒಂದೊಂದು ಇಟ್ಟು ನೋಡು, ಕೈ ತಾನಾಗೇ ಹೋಗುತ್ತದೆ. ಸಿಹಿಗುಂಬಳದಿಂದ ಶುರು ಮಾಡು. ಸಿಪ್ಪೆ ತೆಗೆದು ಬೆರಳುದ್ದ ಹೆಚ್ಚಿ ಇಡ್ಲಿ ಪಾತ್ರೆಯಲ್ಲಿ ಹಬೆಗಿಡು. ನೀರಲ್ಲಿ ಮುಳುಗಿಸಿ ಬೇಯಿಸಬೇಡ, ರುಚಿ ನೀರಿಗೆ ಹೋಗುತ್ತದೆ. ಬೆಂದ ಮೇಲೆ ತವದ ಮೇಲೆ ಅರ್ಧ ಚಮಚ ತುಪ್ಪದಲ್ಲಿ ಹೊರಳಿಸು. ತುಪ್ಪ ಬರೀ ಘಮಕ್ಕಲ್ಲ. ಕ್ಯಾರೆಟ್, ಕುಂಬಳದ ಆ ಕಿತ್ತಳೆ ಬಣ್ಣವೇ ಮೈಯೊಳಗೆ ವಿಟಮಿನ್ ಎ ಆಗುವ ವಸ್ತು, ಅದು ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕು. ತುಪ್ಪದ ವಿಷಯದಲ್ಲಿ ಅಮ್ಮ ಗೆದ್ದಳು ಅಂತ ಹೇಳು. ಗೆಣಸು, ಕ್ಯಾರೆಟ್, ಸೀಮೆಬದನೆ ಎಲ್ಲವೂ ಹೀಗೇ. ಬೀನ್ಸ್ ಆದರೆ ನಾರು ಪೂರ್ತಿ ತೆಗೆದು ನಮಗೆ ಪಲ್ಯಕ್ಕೆ ಬೇಯಿಸುವುದಕ್ಕಿಂತ ಜಾಸ್ತಿ ಹೊತ್ತು ಬೇಯಿಸು. ಹೂಕೋಸಿಗೆ ಹಿಡಿ ಇರುವ ಹಾಗೆ ತೊಟ್ಟು ಉಳಿಸಿಕೊಂಡು ಬಿಡಿಸಿ ಮೆತ್ತಗೆ ಬೇಯಿಸು. ಹುಳ ಹೋಗಲಿ ಅಂತ ನಾವು ಹೇಗೂ ಅರಿಶಿನದ ಬಿಸಿನೀರಲ್ಲಿ ಹಾಕುತ್ತೇವಲ್ಲ, ಬಣ್ಣಕ್ಕೆ ಆ ಹಳದಿಯೇ ಸಾಕು. ಹೀರೆಕಾಯಿ ಬೇಡ, ಕೈಯಲ್ಲಿ ನಿಲ್ಲುವುದೇ ಇಲ್ಲ.

ಜಾರುವುದು ಒಂದು ದೊಡ್ಡ ತಲೆನೋವು. ಬೆಂದ ತರಕಾರಿ ಆ ಪುಟ್ಟ ಕೈಯಿಂದ ಸೋಪಿನ ಹಾಗೆ ಜಾರುತ್ತದೆ, ಮಗು ರೇಗುತ್ತದೆ. ಇಲ್ಲಿಯವರು ಓಟ್ಸ್ ಪುಡಿ ಮಾಡಿ ಅದರಲ್ಲಿ ಹೊರಳಿಸುತ್ತಾರೆ. ನಾನು ಅಮ್ಮ ಕಳಿಸಿದ್ದ ರಾಗಿ ಹುರಿಹಿಟ್ಟಿನಲ್ಲಿ ಹೊರಳಿಸಿದೆ. ಅದು ಮೊದಲೇ ಅರಳಿಸಿ ಬೀಸಿದ ಹಿಟ್ಟಾದ್ದರಿಂದ ಮತ್ತೆ ಬೇಯಿಸುವ ಕೆಲಸವಿಲ್ಲ, ಕೈಗೆ ಹಿಡಿತ ಸಿಗುತ್ತದೆ, ಘಮ್ಮಂತ ವಾಸನೆ, ಜೊತೆಗೆ ರಾಗಿಯ ಸುಣ್ಣದ ಅಂಶ. ಬಿಸಿ ಆರಿದ ಮೇಲೆ ತೆಳ್ಳಗೆ ಮೆತ್ತಿಸು, ಜಾಸ್ತಿಯಾಗಿ ಒಣಪುಡಿ ಉಳಿದಿದ್ದರೆ ಒದರಿಬಿಡು, ಇಲ್ಲದಿದ್ದರೆ ಕೆಮ್ಮು ಬರುತ್ತದೆ. ಅಂಗಡಿಯ ಹುರಿಹಿಟ್ಟಿಗೆ ಸಕ್ಕರೆ, ಬೆಲ್ಲ ಬೆರೆಸಿರಬಹುದು, ಅಂಥದ್ದು ಬೇಡ. ಈ ಉಪಾಯ ನೋಡಿ ಇಲ್ಲಿನ ಪಕ್ಕದ ಮನೆಯಾಕೆ ಒಂದು ಡಬ್ಬಿ ಹುರಿಹಿಟ್ಟು ಕೇಳಿ ತೆಗೆದುಕೊಂಡು ಹೋದಳು.

ಬೀಟ್‌ರೂಟನ್ನು ಹೆಚ್ಚಿ ಬೇಯಿಸಬೇಡ. ಸಿಪ್ಪೆ ಸಮೇತ ಇಡಿಯಾಗಿ ಕುಕ್ಕರಿನಲ್ಲಿ ಕೂಗಿಸಿ, ಆಮೇಲೆ ಸಿಪ್ಪೆ ಉಜ್ಜಿ ತೆಗೆದು ಹೆಚ್ಚು, ಬಣ್ಣ ಒಳಗೇ ಉಳಿಯುತ್ತದೆ. ಅದನ್ನೇ ತುರಿದು, ಬೆಂದ ಆಲೂಗೆಡ್ಡೆ, ಗಟ್ಟಿಯಾಗಿ ಬೆಂದ ಹೆಸರುಬೇಳೆ, ಚಿಟಿಕೆ ಜೀರಿಗೆ ಪುಡಿ ಹಾಕಿ ನಾದಿ, ಬೆರಳಿನ ಆಕಾರ ಮಾಡಿ ತವದ ಮೇಲೆ ಮೆತ್ತಗೆ ಬೇಯಿಸಿದರೆ ಚಿನ್ನು ಜೊತೆ ನಾನೂ ತಿನ್ನುತ್ತೇನೆ. ಒಂದು ಎಚ್ಚರಿಕೆ. ಮಾರನೇ ದಿನ ಡಯಾಪರ್ ಕೆಂಪಾಗಿರುತ್ತದೆ. ಅಮ್ಮನಿಗೆ ಮೊದಲೇ ಹೇಳಿಡು, ಇಲ್ಲದಿದ್ದರೆ ರಕ್ತ ಅಂತ ಊರೆಲ್ಲ ಒಂದು ಮಾಡುತ್ತಾಳೆ. ನಿಮ್ಮ ಮನೆಯದು ಕೆಂಪು ಗಾರೆ ನೆಲ, ಚೆಲ್ಲಿದರೆ ಒರೆಸಿದರಾಯಿತು. ಇಲ್ಲಿ ಬಾಡಿಗೆ ಮನೆ, ಗೋಡೆಯಿಂದ ಗೋಡೆಗೆ ಕೆನೆ ಬಣ್ಣದ ಕಾರ್ಪೆಟ್ಟು. ಮನೆ ಮಾಲೀಕರು ನೋಡಲು ಬರುವ ದಿನ ಬೀಟ್‌ರೂಟ್ ಕಲೆಯಾದ ಜಾಗದ ಮೇಲೆ ನಾವು ಸೋಫಾ ಎಳೆದುಹಾಕುತ್ತೇವೆ.

ಇಡ್ಲಿಯೇ ಎಲ್ಲಕ್ಕಿಂತ ಸುಲಭ. ಉಪ್ಪು ಹಾಕುವ ಮೊದಲೇ ಒಂದು ಬಟ್ಟಲು ಹಿಟ್ಟು ಪಾಪುವಿಗೆ ಅಂತ ಎತ್ತಿಡು. ಒಂದು ಗುಳಿಗೆ ಬೀಟ್‌ರೂಟ್ ರುಬ್ಬಿದ್ದು, ಒಂದಕ್ಕೆ ಕ್ಯಾರೆಟ್, ಒಂದಕ್ಕೆ ಪಾಲಕ್. ಬೆಂದ ಮೇಲೆ ಬೆರಳುದ್ದ ಕತ್ತರಿಸು. ಪಾಲಕ್ಕಿನ ಹಸಿರು ಮಾತ್ರ ಹುಳಿಗೆ ತಡೆಯುವುದಿಲ್ಲ, ಹುಳಿ ಹಿಟ್ಟಿನಲ್ಲಿ ಸಪ್ಪೆ ಕಂದು ಹಸಿರಾಗುತ್ತದೆ. ಅದನ್ನು ಅಕ್ಕಿರೊಟ್ಟಿಗೆ ಹಾಕುವುದು ಒಳ್ಳೆಯದು. ಬಿಸಿನೀರಲ್ಲಿ ಕಲಸಿ, ದಪ್ಪಗೆ ತಟ್ಟಿ, ಮುಚ್ಚಳ ಮುಚ್ಚಿ ಬೇಯಿಸಿದರೆ ಮೆತ್ತಗಿರುತ್ತದೆ. ಇಲ್ಲಿ ಬೆಲ್‌ಗ್ರೇವ್ ರೋಡಿನ ಗುಜರಾತಿ ಅಂಗಡಿಗಳ ಕಡೆ ಹೋದರೆ ನಮ್ಮ ಸೊಪ್ಪುಗಳು ಸಿಗುತ್ತವೆ, ಸಬ್ಬಸಿಗೆ ಸಿಕ್ಕ ದಿನ ನನಗೆ ಹಬ್ಬ. ನೇರಳೆ ಎಲೆಕೋಸು ಸಿಕ್ಕರೆ ದೋಸೆಗೆ ಹಾಕಿ ನೋಡು, ಹುಳಿ ಹಿಟ್ಟಿನಲ್ಲಿ ಗುಲಾಬಿ ಕಡೆಗೆ ತಿರುಗುತ್ತದೆ, ಸೋಡಾ ಬಿದ್ದರೆ ನೀಲಿ. ಪಾಪುವಿಗೆ ಸೋಡಾ ಬೇಡ, ನಿನ್ನ ಗಂಡನಿಗೆ ನೀಲಿ ದೋಸೆ ಮಾಡಿ ಬಡಿಸು, ಏನಂತಾರೆ ನೋಡೋಣ.

ಉಪ್ಪಿನ ವಿಷಯಕ್ಕೆ ಅಮ್ಮ ಜಗಳ ಮಾಡುತ್ತಾಳೆ, ಗೊತ್ತು. "ಉಪ್ಪಿಲ್ಲದೆ ಮಗು ಹೇಗೆ ತಿನ್ನುತ್ತೆ?" ಉಪ್ಪಿನ ರುಚಿಯೇ ಗೊತ್ತಿಲ್ಲದವರಿಗೆ ಅದು ಇಲ್ಲ ಅಂತ ಹೇಗೆ ಗೊತ್ತಾಗಬೇಕು? ವರ್ಷ ತುಂಬುವವರೆಗೆ ದಿನಕ್ಕೆ 1 ಗ್ರಾಂ ಉಪ್ಪೂ ದಾಟಬಾರದು ಅಂತಾರೆ, ಆ ಮೂತ್ರಪಿಂಡಗಳು ಅಷ್ಟನ್ನು ಹೊರಹಾಕಲಾರವು. ಹಾಲಿನಲ್ಲಿ, ಊಟದಲ್ಲಿ ಇರುವುದೇ ಸಾಕು. ಸಕ್ಕರೆ, ಬೆಲ್ಲವೂ ಬೇಡ. ಜೇನುತುಪ್ಪವನ್ನಂತೂ ವರ್ಷದೊಳಗೆ ನಾಲಿಗೆಗೂ ಸವರಬೇಡಿ, ಅದರಲ್ಲಿ ಇರಬಹುದಾದ ಒಂದು ರೋಗಾಣು ಎಳೆ ಮಗುವಿನ ಕರುಳಲ್ಲಿ ಬೆಳೆದು ವಿಷವಾಗುತ್ತದೆ. ಇದರಲ್ಲಿ ಮಾತ್ರ ಶಾಸ್ತ್ರಕ್ಕೆ ಒಂದು ತೊಟ್ಟು ಅಂತಲೂ ಒಪ್ಪಬೇಡ. ಜೀರಿಗೆ, ಅರಿಶಿನ, ಇಂಗು, ಕೊತ್ತಂಬರಿ ಸೊಪ್ಪು ಎಲ್ಲ ಹಾಕು. ಖಾರ ಬೇಡ.

ಹಾಗಂತ ರಾಗಿ ಸರಿ ನಿಲ್ಲಿಸಬೇಡ. ಇಲ್ಲಿ ಬೇಬಿ ಲೆಡ್ ವೀನಿಂಗ್ ಅಂತ, ಮಗು ಮೊದಲಿನಿಂದಲೂ ತಾನೇ ಕೈಯಲ್ಲಿ ಹಿಡಿದು ತಿನ್ನಬೇಕು ಅನ್ನುವ ಒಂದು ಪಂಗಡವೇ ಇದೆ. ಅವರಲ್ಲಿ ಕೆಲವರು ಚಮಚ ಮುಟ್ಟಿದರೆ ಮೈಲಿಗೆ ಅನ್ನುವ ಹಾಗೆ ಆಡುತ್ತಾರೆ. ನನಗೆ ಅದು ಹಿಡಿಸಲಿಲ್ಲ. ತರಕಾರಿಯಲ್ಲಿ ನೀರೇ ಜಾಸ್ತಿ, ಹೊಟ್ಟೆ ತುಂಬುತ್ತದೆ, ಶಕ್ತಿ ಕಡಿಮೆ. 6 ತಿಂಗಳಿನ ಹೊತ್ತಿಗೆ ಹುಟ್ಟುವಾಗ ತಂದ ಕಬ್ಬಿಣದ ಅಂಶವೂ ಮುಗಿಯುತ್ತಾ ಬರುತ್ತದೆ. ಬೇಳೆ, ರಾಗಿ, ಸೊಪ್ಪು ಬೇಕೇ ಬೇಕು, ಮೇಲೆ ನಾಲ್ಕು ಹನಿ ನಿಂಬೆರಸ ಹಿಂಡಿದರೆ ಕಬ್ಬಿಣ ಚೆನ್ನಾಗಿ ಹತ್ತುತ್ತದೆ. ವರ್ಷದವರೆಗೂ ನಿನ್ನ ಹಾಲೇ ಮುಖ್ಯ. ಆದ್ದರಿಂದ ಬೆಳಿಗ್ಗೆ ಅಮ್ಮ ಬಟ್ಟಲಲ್ಲಿ ಸರಿ ತಿನ್ನಿಸಲಿ, ಮಧ್ಯಾಹ್ನ ಪಾಪು ತಾನೇ ಕೈಯಲ್ಲಿ ತಿನ್ನಲಿ. ಇಬ್ಬರಿಗೂ ಖುಷಿ.

ಚಿನ್ನುಗೆ ಈಗ ಒಂದೂವರೆ ವರ್ಷ, ಇನ್ನೊಂದು ನಾಟಕ ಶುರುವಾಗಿದೆ. ನಿನ್ನೆ ತಿಂದ ಬೀನ್ಸನ್ನು ಇವತ್ತು ನೋಡಿ ಹಾವು ಕಂಡ ಹಾಗೆ ಕಿರುಚುತ್ತಾಳೆ. ಈ ವಯಸ್ಸಲ್ಲಿ ಹಸಿರು ಕಂಡರೆ ದೂರ ಸರಿಯುವ ಮಕ್ಕಳು ಬಹಳ. ಒಂದು ತರಕಾರಿ ಒಪ್ಪಲು ಹತ್ತು ಸಲಕ್ಕಿಂತ ಜಾಸ್ತಿ ಇಡಬೇಕಾಗಬಹುದು ಅಂತ ಹೇಳಿಕೊಟ್ಟಿದ್ದಾರೆ. ನಾನು ಒತ್ತಾಯ ಮಾಡುವುದಿಲ್ಲ, ತಟ್ಟೆಯ ಮೂಲೆಯಲ್ಲಿ ಒಂದೇ ಒಂದು ಇಟ್ಟು ನನ್ನ ಪಾಡಿಗೆ ನನ್ನದನ್ನು ತಿನ್ನುತ್ತೇನೆ. ಬಟಾಣಿ ಸುಲಿಯಲು ಕೂರಿಸಿದರೆ ಹಸಿರಿನ ಭಯವೇ ಇಲ್ಲ! ಬೆಂದ ಬಟಾಣಿಯನ್ನು ಒಂದೊಂದಾಗಿ ಬೆರಳಲ್ಲಿ ಚಪ್ಪಟೆ ಮಾಡಿ ಕೊಡಬೇಕು, ಅದೊಂದು ಬೇಜಾರಿನ ಕೆಲಸ. ಅಂಗಡಿಯಲ್ಲಿ ಮಕ್ಕಳಿಗೆ ಅಂತ ತರಕಾರಿ ಚಿತ್ರ ಹಾಕಿದ ಪೊಟ್ಟಣಗಳು ಸಾಲುಸಾಲು ಇರುತ್ತವೆ, ಹಿಂದೆ ತಿರುಗಿಸಿ ಓದಿದರೆ ಬಹುಪಾಲು ಮೆಕ್ಕೆಜೋಳದ ಹಿಟ್ಟು, ತರಕಾರಿ ಪುಡಿ ಒಂದು ಚೂರು. ಬಾಯಲ್ಲಿ ಕರಗಿಹೋಗುತ್ತವೆ, ಅಗಿಯುವುದನ್ನು ಕಲಿಸುವುದಿಲ್ಲ.

ಡಿಸೆಂಬರಿನಲ್ಲಿ ಬರುತ್ತೇವೆ. ಅವರೆಕಾಯಿ ಕಾಲ. ಹಿತಕಿದ ಬೇಳೆ ಮೆತ್ತಗೆ ಬೇಯಿಸಿ ಇಬ್ಬರು ಮಕ್ಕಳಿಗೂ ಕೊಡೋಣ, ಸಿಪ್ಪೆ ಹೋಗಿರುವುದರಿಂದ ಹಿಸುಕುವುದೂ ಸುಲಭ. ಹಿತಕುವ ಕೆಲಸ ನಿನ್ನದು. ಬರುವಾಗ ನಿನಗೆ ತೋಳಿರುವ ಪ್ಲಾಸ್ಟಿಕ್ ಬಿಬ್ ಎರಡು ತರುತ್ತೇನೆ, ಇನ್ನೇನಾದರೂ ಬೇಕಾದರೆ ಈ ತಿಂಗಳೊಳಗೆ ಹೇಳು. ಅಮ್ಮನಿಗೆ ಹುರಿಹಿಟ್ಟು ಮಾಡಿಡಲು ಹೇಳು, ಸಕ್ಕರೆ ಇಲ್ಲದ್ದು, ಪಕ್ಕದ ಮನೆಯಾಕೆಗೂ ಸೇರಿಸಿ.

ಅಪ್ಪ ಅಮ್ಮನಿಗೆ ನಮಸ್ಕಾರ. ಭಾವನಿಗೂ ಹೇಳು. ಪಾಪುವಿಗೆ ಮುತ್ತು.

ನಿನ್ನ ಅಣ್ಣ