ಬೊಕ್ಯೂಜ್ ಹಾಲು ಕರೆದ ಹೋಟೆಲ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಶಂಕರ,

ಮಗಳ ಹೋಟೆಲ್ ಮ್ಯಾನೇಜ್‌ಮೆಂಟ್ ಪ್ರಾಜೆಕ್ಟ್‌ಗೆ ಹೆಸರಾಂತ ಚೆಫ್ ಪಾಲ್ ಬೊಕ್ಯೂಜ್ ಬಗ್ಗೆ ಬರೆದು ಕಳಿಸು ಅಂದಿದ್ದೆ ನೀನು. ಫ್ರಾನ್ಸಿನ ಲಿಯಾನ್‌ನಲ್ಲಿ ಕೂತವನಿಗೆ ಅದೇನು ಕಷ್ಟವಲ್ಲ. ಇಲ್ಲಿನ ದೊಡ್ಡ ಮಾರ್ಕೆಟ್‌ಗೆ ಆತನದೇ ಹೆಸರು. ಎದುರಿನ ಗೋಡೆಯ ತುಂಬ ಆತನದೇ ಚಿತ್ರ.

ಆದರೆ ಓದುತ್ತಾ ಹೋದಾಗ ಒಂದು ಕಡೆ ಸಿಕ್ಕಿಕೊಂಡೆ. ಎರಡನೇ ಮಹಾಯುದ್ಧ ಮುಗಿದ ಮೇಲೆ ಇಪ್ಪತ್ತರ ಹುಡುಗ ಬೊಕ್ಯೂಜ್ ಬೆಟ್ಟದ ಮೇಲಿನ ಒಂದು ಹೋಟೆಲ್‌ಗೆ ಕೆಲಸಕ್ಕೆ ಸೇರಿದ. ಅಡುಗೆಯ ಜತೆಗೆ ಹಸುಗಳ ಹಾಲು ಕರೆಯಬೇಕು, ತರಕಾರಿ ತೋಟ ನೋಡಬೇಕು, ಬಟ್ಟೆ ಒಗೆದು ಇಸ್ತ್ರಿ ಹಾಕಬೇಕು. ಆ ಹೋಟೆಲ್ ಯಜಮಾನಿ ಯೂಜೆನಿ ಬ್ರಾಜಿಯೆ. ಊರಿನ ಬಾಯಲ್ಲಿ 'ಮೇರ್ ಬ್ರಾಜಿಯೆ', ಅಂದರೆ ಬ್ರಾಜಿಯೆ ಅಮ್ಮ. ಕೇಳಿದ್ದು ಬಿಟ್ಟು ಈಕೆಯ ಕಥೆ ಬರೆಯುತ್ತಿದ್ದೇನೆ. ಬೈಕೋಬೇಡ.

ಹುಟ್ಟಿದ್ದು 1895ರಲ್ಲಿ, ಬ್ರೆಸ್ ಸೀಮೆಯ ಹತ್ತಿರದ ಹಳ್ಳಿಯಲ್ಲಿ. ಐದು ವರ್ಷಕ್ಕೇ ಹಂದಿ ನೋಡಿಕೊಳ್ಳುವ ಕೆಲಸ. ಹತ್ತಕ್ಕೆ ತಾಯಿ ತೀರಿಕೊಂಡಳು, ಹುಡುಗಿಯನ್ನು ಬೇರೆಯವರ ಹೊಲಕ್ಕೆ ಆಳಾಗಿ ಕಳಿಸಿದರು. ಹೊಲದಲ್ಲಿ ಕೆಲಸ ಇಲ್ಲದ ದಿನ ಮಾತ್ರ ಶಾಲೆ. 1914ರಲ್ಲಿ ಮದುವೆಯಾಗದೇ ಗಾಸ್ತೋನ್ ಅನ್ನುವ ಮಗ ಹುಟ್ಟಿದ. ಅಪ್ಪ ಮನೆಯಿಂದ ಹೊರಗೆ ಹಾಕಿದ. ಲಿಯಾನ್‌ಗೆ ಬಂದು, ಪಾಸ್ತಾ ತಯಾರಿಸುವ ಶ್ರೀಮಂತರ ಮನೆ ಸೇರಿದಳು. ಅಡುಗೆಯ ಸೌಟು ಕೈಗೆ ಬಂದದ್ದು ಅಲ್ಲಿ.

ಆಗ ಲಿಯಾನ್‌ನಲ್ಲಿ ಇಂಥ 'ಮೇರ್'ಗಳು ಎಷ್ಟೋ ಜನ. ದೊಡ್ಡವರ ಮನೆಯಲ್ಲಿ ಅಡುಗೆ ಮಾಡಿ, ಆಮೇಲೆ ಸ್ವಂತ ಹೋಟೆಲ್ ಇಟ್ಟ ಹೆಂಗಸರು. ಅವರಲ್ಲಿ ಹೆಸರು ಮಾಡಿದ್ದ ಮೇರ್ ಫಿಲಿಯು ಹತ್ತಿರ ಬ್ರಾಜಿಯೆ ಕೆಲಸ ಕಲಿತಳು. ಫಿಲಿಯು ಮೆನುವಿನಲ್ಲಿ ನಾಲ್ಕಾರೇ ಪದಾರ್ಥ. ವರ್ಷವಿಡೀ ಅವೇ. ಅದರಲ್ಲಿ ಒಂದು 'ಅರೆಶೋಕದ ಕೋಳಿ'.

ಹೆಸರು ವಿಚಿತ್ರ ಅಲ್ವಾ? ಕೋಳಿಯ ಚರ್ಮದ ಕೆಳಗೆ ಕಪ್ಪು ಟ್ರಫಲ್‌ನ ತೆಳು ಬಿಲ್ಲೆಗಳನ್ನು ಸರಿಸಿ, ಲೀಕ್ (ಈರುಳ್ಳಿ ಜಾತಿಯ ತರಕಾರಿ), ಕ್ಯಾರೆಟ್ ಹಾಕಿದ ನೀರಿನಲ್ಲಿ ಹದವಾಗಿ ಬೇಯಿಸುತ್ತಾರೆ. ಟ್ರಫಲ್ ಅಂದರೆ ಮರದ ಬೇರಿನ ಬಳಿ, ಮಣ್ಣಿನೊಳಗೇ ಬೆಳೆಯುವ ಅಣಬೆ. ಬೆಂದ ಮೇಲೆ ಬಿಳಿ ಚರ್ಮದಡಿ ಕಪ್ಪು ಕಾಣುತ್ತದೆ. ಇಲ್ಲಿ ಹಿಂದೆ ಯಾರಾದರೂ ಸತ್ತರೆ ಮೊದಲು ಪೂರಾ ಕಪ್ಪು ಬಟ್ಟೆ ಹಾಕುತ್ತಿದ್ದರು. ಕೆಲವು ತಿಂಗಳು ಕಳೆದ ಮೇಲೆ ಕಪ್ಪಿನ ಜತೆ ಬಿಳಿಯೂ ಬರುತ್ತಿತ್ತು. ಅದು ಅರೆಶೋಕ. ಕೋಳಿ ಬ್ರೆಸ್ ಸೀಮೆಯದೇ ಆಗಬೇಕು: ಬಿಳಿ ಪುಕ್ಕ, ಕೆಂಪು ಜುಟ್ಟು, ನೀಲಿ ಕಾಲು. ಫ್ರಾನ್ಸಿನ ಬಾವುಟವೇ ನಡೆದು ಬಂದ ಹಾಗೆ! ನಾನು ಕೋಳಿ ತಿನ್ನದವನು ಅಂತ ನಿನಗೆ ಗೊತ್ತೇ ಇದೆ. ಇಷ್ಟೆಲ್ಲ ಓದಿಕೊಂಡು ಹೇಳುತ್ತಿದ್ದೇನೆ, ಅಷ್ಟೆ.

1921ರಲ್ಲಿ, 25ನೇ ವಯಸ್ಸಿಗೆ, ಕೂಡಿಟ್ಟ 12,000 ಫ್ರಾಂಕ್ ಹಾಕಿ ರ್ಯೂ ರುವಾಯಾಲ್ ಬೀದಿಯ 12ನೇ ನಂಬರಿನ ಹಳೇ ಕಿರಾಣಿ ಅಂಗಡಿಯನ್ನು ಕೊಂಡಳು. 15 ಜನ ಕೂರುವಷ್ಟು ಜಾಗ. ಸಾಮಾನಿನ ವಿಷಯದಲ್ಲಿ ಮಹಾ ಖಡಕ್. ಕೋಳಿಗಳ ಉಗುರಿಗೂ ಬಣ್ಣ ಹಚ್ಚಿ ತರಬೇಕೇನೋ ಅಂತ ಕೋಳಿ ತರುವವನೊಬ್ಬ ತಮಾಷೆ ಮಾಡುತ್ತಿದ್ದನಂತೆ. ಏನೂ ದಂಡವಾಗಬಾರದು. ಮಿಕ್ಕಿದ್ದು ಕೆಲಸದವರ ಊಟಕ್ಕೆ, ತಟ್ಟೆಯಲ್ಲಿ ಬಿಟ್ಟದ್ದು ಹಂದಿಗೆ. ಮೇಯರ್ ಎದುವಾರ್ ಎರಿಯೋ ಕಾಯಂ ಗಿರಾಕಿ. ಊರಿನ ಹೆಸರಿಗೆ ನನಗಿಂತ ಈಕೆಯೇ ಜಾಸ್ತಿ ಮಾಡಿದ್ದಾಳೆ ಅನ್ನುತ್ತಿದ್ದರಂತೆ.

ದಣಿದು ಹೋದಾಗ ಊರ ಹೊರಗೆ, ಕೋಲ್ ದ ಲಾ ಲುಯೇರ್ ಬೆಟ್ಟದಲ್ಲಿ ಒಂದು ಮರದ ಮನೆ ಕೊಂಡಳು. ಕರೆಂಟ್ ಇಲ್ಲ, ಗ್ಯಾಸ್ ಇಲ್ಲ. ವಿಶ್ರಾಂತಿಗೆ ಅಂತ ಹೋದವಳು ಅಲ್ಲೂ ಹೋಟೆಲ್ ಶುರು ಮಾಡಿದಳು! ಬೊಕ್ಯೂಜ್ ಹಾಲು ಕರೆದದ್ದು ಇಲ್ಲೇ. ಮಿಶೆಲಿನ್ ಗೈಡ್ ಅಂದರೆ ಹೋಟೆಲ್‌ಗಳ ಊಟವನ್ನು ನಕ್ಷತ್ರ ಕೊಟ್ಟು ಅಳೆಯುವ ಪುಸ್ತಕ; ಮೂರು ನಕ್ಷತ್ರವೇ ಗರಿಷ್ಠ. 1933ರಲ್ಲಿ ಅದು ಎರಡೂ ಹೋಟೆಲ್‌ಗೆ ಮೂರು ಮೂರು ನಕ್ಷತ್ರ ಕೊಟ್ಟಿತು. ಒಬ್ಬರ ಹೆಸರಿಗೆ ಆರು ನಕ್ಷತ್ರ ಬಂದದ್ದು ಅದೇ ಮೊದಲು.

ಇನ್ನು ನನಗೆ ಸಿಟ್ಟು ಬಂದ ವಿಷಯ. 1998ರಲ್ಲಿ ಅಲೆನ್ ದ್ಯುಕಾಸ್ ಅನ್ನುವ ಚೆಫ್‌ಗೆ ಆರು ನಕ್ಷತ್ರ ಬಂದಾಗ ಪತ್ರಿಕೆಗಳು ಇವನೇ ಮೊದಲಿಗ ಅಂತ ಹೊಗಳಿದವು. 65 ವರ್ಷದ ಹಿಂದಿನ ಬ್ರಾಜಿಯೆ ನೆನಪೇ ಬರಲಿಲ್ಲ. ಅಡುಗೆಮನೆಯ ಹೆಂಗಸಾದರೆ ಅಮ್ಮ, ಗಂಡಸಾದರೆ ಚೆಫ್, ನೋಡು. ಆಕೆಗೇನೂ ಬೇಜಾರಾಗುತ್ತಿರಲಿಲ್ಲವೇನೋ. ಸರ್ಕಾರ ಇಲ್ಲಿನ ಅತ್ಯುನ್ನತ ಗೌರವವಾದ ಲೀಜಿಯನ್ ಆಫ್ ಆನರ್ ಕೊಡಲು ಬಂದಾಗ, ಇದನ್ನು ಅಡುಗೆಗಿಂತ ದೊಡ್ಡ ಕೆಲಸ ಮಾಡಿದವರಿಗೆ ಕೊಡಿ ಅಂತ ಬೇಡ ಅಂದವಳು. 1977ರಲ್ಲಿ ತೀರಿಕೊಂಡಳು. ರ್ಯೂ ರುವಾಯಾಲ್‌ನ ಹೋಟೆಲ್ ಈಗಲೂ ಅದೇ ಹೆಸರಲ್ಲಿದೆ. 2008ರಿಂದ ಮಾತ್ಯೂ ವಿಯಾನೆ ಅನ್ನುವ ಚೆಫ್ ನಡೆಸುತ್ತಿದ್ದಾರೆ.

ಮೊನ್ನೆ ಸುಮ್ನೆ ಆ ಕಡೆ ಹೋಗಿದ್ದೆ. ಇಲ್ಲಿ ಹೋಟೆಲ್‌ನವರು ಮೆನುವನ್ನು ಬೆಲೆ ಸಮೇತ ಹೊರಗೇ ಹಾಕುತ್ತಾರೆ. ನಿಂತು ಓದಿದೆ. ಮನಸ್ಸಿನಲ್ಲೇ ರೂಪಾಯಿಗೆ ಲೆಕ್ಕ ಹಾಕಿದೆ. ರೂಮಿಗೆ ಬಂದು ತಿಳಿಸಾರು, ಅನ್ನ ಮಾಡಿಕೊಂಡೆ.

ಮಗಳಿಗೆ ಬೊಕ್ಯೂಜ್ ಬಗ್ಗೆಯೇ ಬೇಕು ಅಂದರೆ ಹೇಳು, ಮುಂದಿನ ವಾರ ಬರೆಯುತ್ತೇನೆ. ಅವ್ವನಿಗೆ ಮಾತ್ರ ಇದನ್ನು ಓದಿ ಹೇಳು. ಬದನೆಕಾಯಿ ತರುವವನ ಜತೆ ದಿನಾ ಬೆಳಿಗ್ಗೆ ಅವರು ಮಾಡುವ ಜಗಳ ನನಗಿನ್ನೂ ನೆನಪಿದೆ.

ನಿನ್ನ
ರಘು