ಮೊದಲ ಬೈಪ್ಲೇನ್: ಚೆಂದಕ್ಕಿಂತ ತೂಕ ಮುಖ್ಯ

ಮಾನ್ಯ ಸಂಪಾದಕರೇ,

ರಿಮೋಟ್ ಕಂಟ್ರೋಲ್ ಮಾದರಿ ವಿಮಾನ ಹಾರಿಸುವ ಆಸೆ ಹುಟ್ಟಿದವರ ಕಣ್ಣು ಬಹಳ ಬೇಗ ಬೀಳುವುದು ಎರಡು ಜೊತೆ ರೆಕ್ಕೆಯ ಬೈಪ್ಲೇನ್ ಮೇಲೆ. ನಮ್ಮ ವಾಯುಪಡೆಯ ಹಳೆಯ ತಲೆಮಾರಿನ ಪೈಲಟ್‌ಗಳು ತರಬೇತಿ ಪಡೆದ ಟೈಗರ್ ಮಾತ್‌ನ ಚೆಲುವು ಯಾರನ್ನೂ ಸೆಳೆಯುವಂಥದ್ದೇ. ಆದರೆ ಚೆಲುವನ್ನಷ್ಟೇ ನೋಡಿ ಕೊಂಡ ವಿಮಾನಗಳು ಮೊದಲ ದಿನವೇ ಮೂಗು ಮುರಿದುಕೊಂಡು ಅಟ್ಟ ಸೇರುತ್ತವೆ, ಅದರ ಜೊತೆಗೆ ಹವ್ಯಾಸವೂ ಅಲ್ಲಿಗೇ ಮುಗಿಯುತ್ತದೆ. ಇದರಲ್ಲಿ ಹಾರಿಸಿದವರ ಕೈತಪ್ಪಿಗಿಂತ ಆಯ್ಕೆ ಮತ್ತು ಜೋಡಣೆಯ ತಪ್ಪೇ ಹೆಚ್ಚು. ಮಾರುವವರು ಇದನ್ನು ಬಿಡಿಸಿ ಹೇಳುವುದು ಅಪರೂಪವಾದ್ದರಿಂದ ಈ ಪತ್ರ.

ಮೊದಲನೆಯ ಮಾತು: ರಿಮೋಟ್ ಹಿಡಿಯುವುದನ್ನೇ ಇನ್ನೂ ಕಲಿಯುತ್ತಿರುವವರಿಗೆ ಬೈಪ್ಲೇನ್ ಬೇಡ. ರೆಕ್ಕೆ ದೇಹದ ಮೇಲಿರುವ ಕಲಿಕೆಯ ವಿಮಾನ, ಅಂದರೆ ಟ್ರೈನರ್‌ನಲ್ಲಿ ಕಲಿಯಬೇಕು. ವಿಮಾನ ನಮ್ಮ ಕಡೆ ಮುಖ ಮಾಡಿ ಬರುವಾಗ ರಿಮೋಟಿನ ಸ್ಟಿಕ್ಕಿನ ಎಡಬಲ ಅದಲುಬದಲಾದಂತೆ ಕಾಣುತ್ತದಲ್ಲ, ಆ ಗೊಂದಲ ಪೂರ್ತಿ ಹೋಗಬೇಕು. ಆಮೇಲೆ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ, ರೆಕ್ಕೆಯ ಹಿಂಚಿನ ಮಡಚುಪಟ್ಟಿ) ಇರುವ, ಬಾಲದಲ್ಲಿ ಚಕ್ರವಿರುವ ಒಂಟಿ ರೆಕ್ಕೆಯ ವಿಮಾನವೊಂದನ್ನು ನೆಲದ ಮೇಲೆ ನೇರ ಓಡಿಸಲು ಬರಬೇಕು. ಬೈಪ್ಲೇನ್ ಮೂರನೆಯದಾಗಿರಲಿ.

ರೆಕ್ಕೆ ಇಮ್ಮಡಿಯಾದರೆ ಎತ್ತುವ ಬಲವೂ ಇಮ್ಮಡಿಯಾಗುತ್ತದೆ ಎಂಬ ನಂಬಿಕೆ ತಪ್ಪು. ಮೇಲಿನ ರೆಕ್ಕೆಯ ಅಡಿಯ ಹೆಚ್ಚಿನ ಒತ್ತಡವೂ ಕೆಳರೆಕ್ಕೆಯ ಮೇಲಿನ ಕಡಿಮೆ ಒತ್ತಡವೂ ಒಂದನ್ನೊಂದು ತಗ್ಗಿಸುತ್ತವೆ. ಅದರ ಮೇಲೆ ರೆಕ್ಕೆಗಳ ನಡುವಿನ ಕಂಬಗಳು, ತಂತಿಗಳು, ಚಕ್ರದ ಕಾಲುಗಳು ಎಲ್ಲವೂ ಗಾಳಿಗೆ ಅಡ್ಡ. ಹೀಗಾಗಿ ಥ್ರಾಟಲ್ (ಮೋಟರಿನ ಶಕ್ತಿ) ಇಳಿಸಿದ ಕೂಡಲೇ ವೇಗ ಕುಸಿಯುತ್ತದೆ. ಟ್ರೈನರ್‌ನಂತೆ ತೇಲಿಕೊಂಡು ಬರುವ ಸ್ವಭಾವ ಇದಕ್ಕಿಲ್ಲ.

ಇನ್ನು ಆಯ್ಕೆ. ಪಿಟ್ಸ್ ಸ್ಪೆಷಲ್ ಮಾದರಿಗಳು ಚುರುಕು. ಗಿಡ್ಡ ದೇಹ, ವೇಗದ ಇಳಿತ, ಮೊದಲನೆಯದಕ್ಕೆ ಸಲ್ಲ. ಮೊದಲ ಮಹಾಯುದ್ಧದ ಸಾಪ್‌ವಿತ್ ಪಪ್, ಕ್ಯಾಮಲ್‌ಗಳ ಮೂಗು ತೀರ ಗಿಡ್ಡ. ಬಾಲದ ಭಾರಕ್ಕೆ ಸಮವಾಗಿ ಮೂಗಿನಲ್ಲಿ ಸೀಸ ತುಂಬಲೇಬೇಕು, ತೂಕ ಏರುತ್ತದೆ. ಟೈಗರ್ ಮಾತ್ ಗಾಳಿಯಲ್ಲಿ ಸಾಧು. ಆದರೆ ಏಲೆರಾನ್ ಕೆಳರೆಕ್ಕೆಯಲ್ಲಿ ಮಾತ್ರ ಇರುವುದರಿಂದ ಬಾಲದ ಚುಕ್ಕಾಣಿಯಾದ ರಡ್ಡರ್ ಜೊತೆಗೂಡಿಸದೆ ತಿರುಗಿಸಿದರೆ ಮೂಗು ಉಲ್ಟಾ ದಿಕ್ಕಿಗೆ ಎಳೆಯುತ್ತದೆ, ಕಾಲುಗಳ ಅಂತರವೂ ಕಡಿಮೆ. ಇವೆಲ್ಲಕ್ಕಿಂತ, ಯಾವ ನಿಜ ವಿಮಾನದ ನಕಲೂ ಅಲ್ಲದ ಸಾದಾ ಸ್ಪೋರ್ಟ್ ಬೈಪ್ಲೇನ್ ಒಳ್ಳೆಯದು: ಉದ್ದ ಬಾಲ, ಅಗಲವಾದ ಕಾಲು, ದಪ್ಪ ರೆಕ್ಕೆ, ನಾಲ್ಕು ರೆಕ್ಕೆಗಳಲ್ಲೂ ಏಲೆರಾನ್. ನಕಲು ಮಾದರಿಯೇ ಬೇಕೆಂದರೆ ಅಮೆರಿಕದ ತರಬೇತಿ ಬೈಪ್ಲೇನ್ ಸ್ಟಿಯರ್‌ಮನ್ ನೋಡಿ.

ಲೆಕ್ಕ ಹೀಗೆ. ರೆಕ್ಕೆಯ ಉದ್ದ ತುದಿಯಿಂದ ತುದಿಗೆ 1.1 ಮೀಟರ್, ಅಗಲ 18 ಸೆಂ.ಮೀ. ಇದ್ದರೆ ಎರಡೂ ಸೇರಿ ಸುಮಾರು 40 ಚದರ ಡೆಸಿಮೀಟರ್. ಹಾರುವ ತೂಕ 1.2 ಕೆ.ಜಿ. ಇದ್ದರೆ ಪ್ರತಿ ಚದರ ಡೆಸಿಮೀಟರಿಗೆ 30 ಗ್ರಾಂ ಬೀಳುತ್ತದೆ. ಈ ಅಳತೆಯ ವಿಮಾನದಲ್ಲಿ 40 ಗ್ರಾಂ ದಾಟುವಂಥದ್ದನ್ನು ಮುಟ್ಟಬೇಡಿ. ಶಕ್ತಿ ಪ್ರತಿ ಕೆ.ಜಿ.ಗೆ 200ರಿಂದ 220 ವಾಟ್ ಸಾಕು. ಅಂದರೆ ಮೂರು ಸೆಲ್ಲಿನ 2200 ಎಂಎಎಚ್ ಲೈಪೊ ಬ್ಯಾಟರಿ, ಸುಮಾರು 900 ಕೆವಿ (ಪ್ರತಿ ವೋಲ್ಟಿಗೆ ನಿಮಿಷಕ್ಕೆ ಇಷ್ಟು ಸುತ್ತು) ಮೋಟರ್, 40 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 9 ಗ್ರಾಂನ ಸರ್ವೊಗಳು (ಏಲೆರಾನ್ ಮುಂತಾದವನ್ನು ಆಡಿಸುವ ಪುಟ್ಟ ಮೋಟರ್‌ಗಳು). ಪ್ರೊಪೆಲ್ಲರ್ 11 ಇಂಚು ವ್ಯಾಸ, 5.5 ಇಂಚು ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಇರಲಿ. ನಿಧಾನಕ್ಕೆ ಹಾರುವ, ಗಾಳಿ ಹೆಚ್ಚು ತಡೆಯುವ ವಿಮಾನಕ್ಕೆ ದೊಡ್ಡ ವ್ಯಾಸ, ಚಿಕ್ಕ ಪಿಚ್ಚೇ ಹೊಂದುವುದು. ಮೈದಾನದಲ್ಲಿ ರೆಕ್ಕೆ ಜೋಡಿಸಲು ಎಷ್ಟು ಸ್ಕ್ರೂ ಬೇಕು ಎಂಬುದನ್ನೂ ಅಂಗಡಿಯಲ್ಲೇ ಎಣಿಸಿ. ಹತ್ತು ಹನ್ನೆರಡು ಚಿಕ್ಕ ಸ್ಕ್ರೂಗಳಿದ್ದರೆ ಒಂದು ದಿನ ಒಂದು ಮರೆತೇ ಮರೆಯುತ್ತದೆ. ಬಿಚ್ಚದೆ ಕಾರಿನಲ್ಲಿ ಹಿಡಿಸುವಂತಿದ್ದರೆ ಅದೇ ಉತ್ತಮ. ಆದರೆ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಇಡಬೇಡಿ. ಫೋಮ್ ಸೊಟ್ಟಗಾಗುತ್ತದೆ, ಬಾಲ್ಸಾ ಮರದ ಮೇಲೆ ಹೊದಿಸಿದ ಫಿಲ್ಮ್ ಸಡಿಲಾಗುತ್ತದೆ, ಲೈಪೊ ಊದಿಕೊಳ್ಳುತ್ತದೆ.

ಹೆಚ್ಚು ವಿಮಾನಗಳನ್ನು ಬಲಿ ತೆಗೆದುಕೊಳ್ಳುವುದು ಗುರುತ್ವ ಕೇಂದ್ರದ, ಅಂದರೆ ವಿಮಾನ ಸಮತೂಗುವ ಬಿಂದುವಿನ, ತಪ್ಪು ಲೆಕ್ಕ. ಒಂಟಿ ರೆಕ್ಕೆಯ ಅಭ್ಯಾಸದಲ್ಲಿ ಮೇಲಿನ ರೆಕ್ಕೆಯೊಂದನ್ನೇ ಅಳೆದು ಗುರುತು ಹಾಕುತ್ತಾರೆ. ಬೈಪ್ಲೇನಿನಲ್ಲಿ ಕೆಳರೆಕ್ಕೆ ಸಾಮಾನ್ಯವಾಗಿ ಹಿಂದಕ್ಕೆ ಸರಿದಿರುತ್ತದೆ. ಎರಡರ ಸರಾಸರಿ ಹಿಡಿಯಬೇಕು. ಎರಡೂ ರೆಕ್ಕೆ ಒಂದೇ ಅಳತೆ, ಅಗಲ 180 ಮಿ.ಮೀ., ಕೆಳರೆಕ್ಕೆ 60 ಮಿ.ಮೀ. ಹಿಂದಿದೆ ಎನ್ನಿ. ಸರಾಸರಿ ರೆಕ್ಕೆಯ ಮುಂಚೂಣಿ ಮೇಲ್ರೆಕ್ಕೆಯ ಮುಂಚೂಣಿಯಿಂದ 30 ಮಿ.ಮೀ. ಹಿಂದೆ ಬೀಳುತ್ತದೆ. ಅಲ್ಲಿಂದ ಅಗಲದ ಶೇ 25, ಅಂದರೆ 45 ಮಿ.ಮೀ. ಒಟ್ಟು 75 ಮಿ.ಮೀ. ಹಿಂದೆ ಗುರುತು. ಕೆಳರೆಕ್ಕೆ ಚಿಕ್ಕದಾದರೆ ಗುರುತು ಅಷ್ಟಷ್ಟೇ ಮುಂದಕ್ಕೆ ಬರುತ್ತದೆ. ಬ್ಯಾಟರಿ ಸಮೇತ, ಮೇಲ್ರೆಕ್ಕೆಯ ಅಡಿಯ ಗುರುತಿನಲ್ಲಿ ಎರಡೂ ಕಡೆ ಬೆರಳಿಟ್ಟು ಎತ್ತಿದಾಗ ವಿಮಾನ ಮಟ್ಟವಾಗಿ, ಇಲ್ಲವೇ ಮೂಗು ತುಸು ಕೆಳಗಾಗಿ ನಿಲ್ಲಬೇಕು. ಬಾಲ ಇಳಿದರೆ ಮೊದಲು ಬ್ಯಾಟರಿಯನ್ನು ಮುಂದಕ್ಕೆ ತಳ್ಳಿ. ಅದಕ್ಕೂ ಬಗ್ಗದಿದ್ದರೆ ಮಾತ್ರ ಸೀಸ.

ಆಮೇಲೆ ವಿಮಾನದ ಹಿಂದೆ ಕುಳಿತು ಒಂದೇ ಕಣ್ಣಿನಿಂದ ನಾಲ್ಕೂ ರೆಕ್ಕೆಗಳನ್ನು ನೋಡಿ. ಎಡಬಲ ಒಂದೇ ಕೋನದಲ್ಲಿರಬೇಕು. ಒಂದು ರೆಕ್ಕೆ ಒಂದೇ ಡಿಗ್ರಿ ತಿರುಚಿದ್ದರೂ, ವೇಗದಲ್ಲಿ ಟ್ರಿಮ್ (ನೇರ ಹಾರಲು ರಿಮೋಟಿನಲ್ಲಿ ಮಾಡುವ ಸಣ್ಣ ಹೊಂದಿಕೆ) ಅದನ್ನು ಮರೆಮಾಚುತ್ತದೆ. ಇಳಿಯುವಾಗ ವೇಗ ತಗ್ಗಿದೊಡನೆ ವಿಮಾನ ಒಂದು ಬದಿಗೆ ಬಿದ್ದುಬಿಡುತ್ತದೆ. ಫಿಲ್ಮ್ ಹೊದಿಸಿದ ರೆಕ್ಕೆಯಾದರೆ ಅದನ್ನು ಉಲ್ಟಾ ತಿರುಚಿ ಹಿಡಿದು ಇಸ್ತ್ರಿಯ ಶಾಖ ಕೊಟ್ಟು ಸರಿಪಡಿಸಬಹುದು. ಮೋಟರ್ ಬಲಕ್ಕೆ 2 ಡಿಗ್ರಿ, ಕೆಳಕ್ಕೆ 2 ಡಿಗ್ರಿ ವಾಲಿರಲಿ. ಥ್ರಾಟಲ್ ಏರಿಸಿದಾಗಲೆಲ್ಲ ಮೂಗು ಮೇಲೇಳುತ್ತಿದ್ದರೆ ಮೋಟರ್ ಕೂರಿಸಿದ ಮೌಂಟಿನ ಮೇಲಿನ ಎರಡು ಸ್ಕ್ರೂಗಳ ಹಿಂದೆ ಒಂದೊಂದು ವಾಷರ್ ಕೊಡಿ. ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ) ಮೇಲಕ್ಕೆ ಕೆಳಕ್ಕೆ 12 ಮಿ.ಮೀ. ಆಡಲಿ, ಶೇ 30 ಎಕ್ಸ್‌ಪೊ (ಸ್ಟಿಕ್ಕಿನ ನಡುಭಾಗದ ಚುರುಕು ತಗ್ಗಿಸುವ ರಿಮೋಟಿನ ಹೊಂದಿಕೆ). ಏಲೆರಾನ್ ಮೇಲಕ್ಕೆ 12, ಕೆಳಕ್ಕೆ 6 ಮಾತ್ರ. ಮೂಗು ಉಲ್ಟಾ ಎಳೆಯುವುದು ಇದರಿಂದ ತಗ್ಗುತ್ತದೆ. ಪ್ರೊಪೆಲ್ಲರ್ ಬಿಚ್ಚಿ, ಮೋಟರ್ ತಿರುಗುತ್ತಿರುವಾಗ ರಿಮೋಟ್ ಆರಿಸಿ ನೋಡಿ. ಮೋಟರ್ ನಿಲ್ಲದಿದ್ದರೆ, ಸಂಕೇತ ತಪ್ಪಿದಾಗ ಅದನ್ನು ನಿಲ್ಲಿಸುವ ಫೇಲ್‌ಸೇಫ್ ಸರಿಮಾಡುವ ತನಕ ಹಾರಿಸಬೇಡಿ.

ಜಾಗದ ವಿಚಾರದಲ್ಲಿ ಎರಡು ಎಚ್ಚರ. 2021ರ ಡ್ರೋನ್ ನಿಯಮಗಳು ಮಾದರಿ ವಿಮಾನಗಳಿಗೂ ಅನ್ವಯಿಸುತ್ತವೆ. 2 ಕೆ.ಜಿ. ಮೀರದ ವಿಮಾನವನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ರಿಮೋಟ್ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಹಾಗೆಂದು ಎಲ್ಲೆಂದರಲ್ಲಿ ಹಾರಿಸುವಂತಿಲ್ಲ. ಅನುಮತಿ ಬೇಕಿಲ್ಲದ ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿ, 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ನೆಲ ಬಿಟ್ಟು ಏಳುವಂತಿಲ್ಲ. ದೇವನಹಳ್ಳಿ, ಎಚ್‌ಎಎಲ್, ಜಕ್ಕೂರು, ಯಲಹಂಕಗಳನ್ನು ಸುತ್ತಲಿಟ್ಟುಕೊಂಡ ಬೆಂಗಳೂರಿನವರು ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ವಲಯ ನಕ್ಷೆ ನೋಡದೆ ಬಡಾವಣೆಯ ಮೈದಾನಕ್ಕೆ ಹೋಗಲೇಬಾರದು. ಇನ್ನೊಂದು ಎಚ್ಚರ ನೆಲದ್ದು. ರಾಗಿ ಕೊಯ್ದ ಹೊಲ ದೂರಕ್ಕೆ ಸಮತಟ್ಟಾಗಿ ಕಾಣುತ್ತದೆ, ಆದರೆ ಕೂಳೆಗೆ ಚಕ್ರ ಸಿಕ್ಕಿ ವಿಮಾನ ಮುಗ್ಗರಿಸುತ್ತದೆ. ಗಟ್ಟಿ ಮಣ್ಣಿನ ಕೆರೆಯಂಗಳವೋ ಕತ್ತರಿಸಿದ ಹುಲ್ಲೋ ಇರಲಿ, ಚಕ್ರದ ವ್ಯಾಸ 75 ಮಿ.ಮೀ.ಗೆ ಕಡಿಮೆ ಬೇಡ. ಬೆಳಿಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ ಮುಗಿಸಿ. ಆಷಾಢದ ಗಾಳಿಯಲ್ಲಿ ಮೊದಲ ಹಾರಾಟ ಬೇಡ.

ಏರುವಾಗ ಗಾಳಿಗೆ ಎದುರು ನಿಲ್ಲಿಸಿ, ಎಲಿವೇಟರ್ ತುಸು ಮೇಲೆ ಹಿಡಿದು, ಥ್ರಾಟಲನ್ನು ಮೂರು ಸೆಕೆಂಡಿನಲ್ಲಿ ನಿಧಾನವಾಗಿ ಏರಿಸಿ. ಒಮ್ಮೆಲೇ ಕೊಟ್ಟರೆ ಮೂಗು ಎಡಕ್ಕೆ ತಿರುಗುತ್ತದೆ. ಅದಕ್ಕೆ ಉತ್ತರ ಬಲ ರಡ್ಡರ್, ಏಲೆರಾನ್ ಅಲ್ಲ. ವೇಗ ಬಂದೊಡನೆ ಎಲಿವೇಟರ್ ಸಡಿಲಿಸಿ, ಬಾಲ ಏಳಲಿ, ಆಮೇಲೆ ವಿಮಾನ ತಾನಾಗಿ ನೆಲ ಬಿಡುತ್ತದೆ. ಕಡಿದಾಗಿ ಏರಿಸಬೇಡಿ. 50 ಮೀಟರ್ ಎತ್ತರದಲ್ಲಿ ಟ್ರಿಮ್ ಮಾಡಿ, ಅಲ್ಲೇ ಥ್ರಾಟಲ್ ಇಳಿಸಿ, ಮಟ್ಟ ಹಿಡಿದು, ಸ್ಟಾಲ್ (ವೇಗ ಸಾಲದೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದು) ಹೇಗೆ ಬರುತ್ತದೆಂದು ನೋಡಿಕೊಳ್ಳಿ. ಯಾವ ವೇಗಕ್ಕೆ ವಿಮಾನ ಸ್ಟಿಕ್ಕಿಗೆ ಸ್ಪಂದಿಸುವುದು ಮಂದವಾಯಿತು ಎಂಬುದು ನೆನಪಿರಲಿ; ಇಳಿಯುವಾಗ ಅದಕ್ಕಿಂತ ಮೇಲೆಯೇ ಇರಬೇಕು.

ಇಳಿಸುವುದರಲ್ಲೇ ಬೈಪ್ಲೇನಿನ ಗುಟ್ಟಿದೆ. ಟ್ರೈನರ್ ಅಭ್ಯಾಸದವರು ಮೈದಾನದ ಅಂಚಿಗೆ ಬಂದೊಡನೆ ಥ್ರಾಟಲ್ ಪೂರ್ತಿ ಮುಚ್ಚುತ್ತಾರೆ. ವಿಮಾನ ಕುಸಿಯುತ್ತದೆ, ಗಾಬರಿಯಲ್ಲಿ ಎಲಿವೇಟರ್ ಎಳೆಯುತ್ತಾರೆ, ಉಳಿದ ವೇಗವೂ ಹೋಗಿ ರೆಕ್ಕೆ ಬೀಳುತ್ತದೆ. ಹಾಗಾಗದಿರಲು ಕಾಲು ಭಾಗ ಥ್ರಾಟಲ್ ಇಟ್ಟುಕೊಂಡೇ, ಮೂಗು ತುಸು ಕೆಳಗೆ ಮಾಡಿ ಬನ್ನಿ. ಇಳಿತದ ಪ್ರಮಾಣವನ್ನು ಥ್ರಾಟಲಿನಿಂದ, ವೇಗವನ್ನು ಎಲಿವೇಟರಿನಿಂದ ನಿಭಾಯಿಸಿ. ಚಕ್ರ ನೆಲದಿಂದ ಅರ್ಧ ಮೀಟರ್ ಎತ್ತರಕ್ಕೆ ಬಂದಾಗ ಮಟ್ಟ ಹಿಡಿಯಿರಿ, ಥ್ರಾಟಲ್ ನಿಧಾನಕ್ಕೆ ಕಳೆಯಿರಿ. ಮುಂದಿನ ಎರಡು ಚಕ್ರ ನೆಲ ಮುಟ್ಟಿದ ತಕ್ಷಣ ಎಲಿವೇಟರ್ ಎಳೆದರೆ ಪುಟಿದು ಮತ್ತೆ ಮೇಲೇಳುತ್ತದೆ. ಬಾಲ ತಾನೇ ಕೂರಲಿ. ಕೂತ ಮೇಲೆ ಎಳೆದು ಹಿಡಿಯಿರಿ, ಆಗ ಮುಗ್ಗರಿಸದು. ಪುಟಿದರೆ ಥ್ರಾಟಲ್ ಕೊಟ್ಟು ಇನ್ನೊಂದು ಸುತ್ತು ಹೋಗಿ. ಅದಕ್ಕೆ ಚಾರ್ಜ್ ಉಳಿದಿರಬೇಕು, ಆದ್ದರಿಂದ ರಿಮೋಟಿನ ಟೈಮರನ್ನು ಮೊದಲಿಗೆ ಐದು ನಿಮಿಷಕ್ಕೇ ಇಡಿ. ಇಳಿದ ಮೇಲೆ ಪ್ರತಿ ಸೆಲ್ 3.7 ವೋಲ್ಟಿಗಿಂತ ಮೇಲಿದ್ದರೆ ಮುಂದಿನ ಸಲ ಅರ್ಧ ನಿಮಿಷ ಹೆಚ್ಚಿಸಬಹುದು. ಮತ್ತೆ ಹಾರಿಸುವ ಮುನ್ನ ಕಂಬಗಳ ಸ್ಕ್ರೂ ಒಂದೊಂದನ್ನೂ ಬೆರಳಲ್ಲಿ ಮುಟ್ಟಿ ನೋಡಿ, ಮೊದಲ ಹಾರಾಟದ ಅದುರಿಗೆ ಒಂದೆರಡು ಸಡಿಲಾಗಿರುತ್ತವೆ.

– ಏರೋಮಾಡೆಲಿಂಗ್ ಹವ್ಯಾಸಿ ಓದುಗ, ಬೆಂಗಳೂರು