ಮಂಗ ಸತ್ತ ಸುದ್ದಿಯಿಂದ ಶುರುವಾದ ಕೆಲಸ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ತಲೆಯಲ್ಲಿ ಸುತ್ತುತ್ತಿದೆ. "ವೈದ್ಯಕೀಯ ಸಂಶೋಧನೆ ಅಂದ್ರೆ ಬೆಂಗಳೂರು, ಪುಣೆ. ನಮ್ಮ ಮಲೆನಾಡಲ್ಲಿ ಏನಿದೆ ಮಾರಾಯ?" ಅಂದೆ. ಅಷ್ಟರಲ್ಲಿ ನಿನ್ನ ಬಸ್ಸು ಬಂತು. ಉತ್ತರ ಉಳಿದೇ ಹೋಯಿತು, ಅದಕ್ಕೇ ಈ ಪತ್ರ.

ಸೊರಬ ತಾಲೂಕಿನ ಕ್ಯಾಸನೂರು ಕಾಡಿನ ಹೆಸರು ಇವತ್ತು ಪ್ರಪಂಚದ ವೈರಸ್ ಪಾಠಗಳಲ್ಲೆಲ್ಲ ಇದೆ. ನಾವು ಮಂಗನ ಕಾಯಿಲೆ ಅನ್ನುವುದಕ್ಕೆ ಹೊರಗಿನವರು ಇಟ್ಟ ಹೆಸರು ಅದು. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು, ಮುಸಿಯಗಳು ಒಂದರ ಹಿಂದೆ ಒಂದು ಸತ್ತವು. ಅದೇ ಹೊತ್ತಿಗೆ ಸುತ್ತಲಿನ ಹಳ್ಳಿಯವರು ಜ್ವರದಲ್ಲಿ ಮಲಗಿದರು. ತಲೆ ಸಿಡಿತ, ಮೈಕೈ ನೋವು, ಕೆಲವರಿಗೆ ಮೂಗಿನಲ್ಲಿ, ಒಸಡಿನಲ್ಲಿ ರಕ್ತ. ಸುದ್ದಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಮುಟ್ಟಿತು. ಅದು 1952ರಲ್ಲಿ ಶುರುವಾದ ಕೇಂದ್ರ, ಆಗಿನ್ನೂ ಹೊಸದು.

ಅಲ್ಲಿಂದ ಬಂದವರಿಗೆ ದೊಡ್ಡ ಭಯವೊಂದಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹೀಗೆ ಮಂಗ ಸತ್ತರೆ ಹಳದಿ ಜ್ವರದ ಅನುಮಾನ ಪಡುತ್ತಾರೆ. ಆ ಜ್ವರ ನಮ್ಮ ದೇಶಕ್ಕೆ ಬಂದಿರಲಿಲ್ಲ. ಆದರೆ ಅದನ್ನು ಹರಡುವ ಸೊಳ್ಳೆ ಇಲ್ಲಿ ಧಾರಾಳವಾಗಿತ್ತು. ಒಮ್ಮೆ ಕಾಲಿಟ್ಟರೆ ಗತಿ ಏನು? ಆ ಕೇಂದ್ರದ ವಿಜ್ಞಾನಿಗಳಾದ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಜೊತೆಗಾರರು ಸತ್ತ ಮಂಗಗಳಿಂದ, ಜ್ವರ ಬಂದವರ ರಕ್ತದಿಂದ ವೈರಸ್ ಬೇರ್ಪಡಿಸಿ ನೋಡಿದರು. ಹಳದಿ ಜ್ವರ ಅಲ್ಲ. ರಷ್ಯಾದ ಕಾಡುಗಳಲ್ಲಿ ರಕ್ತ ಹೀರುವ ಉಣ್ಣೆ ಹುಳ ಕಚ್ಚಿ ಬರುವ ಮಿದುಳು ಜ್ವರದ ವೈರಸ್‌ಗೆ ಇದು ನೆಂಟ! ಸೈಬೀರಿಯಾ ಎಲ್ಲಿ, ಸೊರಬ ಎಲ್ಲಿ? ವಲಸೆ ಹಕ್ಕಿಗಳು ಹೊತ್ತು ತಂದವೇನೋ ಅಂತ ಹುಡುಕಾಟ ನಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರು ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಮಾಡಿಸಿದರು. ಆ ಅನುಮಾನ ಸಾಬೀತಾಗಲಿಲ್ಲ, ಆದರೆ ಹಕ್ಕಿಗಳ ಹಾದಿಯ ಬಗ್ಗೆ ತುಂಬಾ ತಿಳಿಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಆಮೇಲಿನ ಕೆಲಸ. ಪುಣೆಯ ಕೇಂದ್ರ ಸಾಗರದಲ್ಲೇ ಒಂದು ಠಾಣೆ ಮಾಡಿಕೊಂಡಿತು. ಕಾಡಿನ ನೆಲದ ಮೇಲೆ ಬಟ್ಟೆ ಎಳೆದು, ಅಂಟಿಕೊಂಡ ಉಣ್ಣೆಗಳನ್ನು ಎಣಿಸುವುದು. ಇಲಿ, ಮೂಗಿಲಿಗಳನ್ನು ಹಿಡಿದು ಪರೀಕ್ಷೆ ಮಾಡುವುದು. ಹೀಗೆ ವರ್ಷಗಟ್ಟಲೆ. ಕೆಲಸ ಮಾಡುವಾಗ ಅವರಲ್ಲೇ ಕೆಲವರಿಗೆ ಈ ಜ್ವರ ತಗುಲಿತು. ಇಷ್ಟೆಲ್ಲ ಮಾಡಿದ ಮೇಲೆ ದಾರಿ ಗೊತ್ತಾಯಿತು. ಮುಖ್ಯವಾಗಿ ಹರಡುವುದು ಹೆಮಾಫೈಸಾಲಿಸ್ ಸ್ಪಿನಿಜೆರಾ ಅನ್ನುವ ಉಣ್ಣೆ. ನಮ್ಮನ್ನು ಕಚ್ಚುವುದು ಹೆಚ್ಚಾಗಿ ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣ ಮರಿ. ಮಂಗ ಸತ್ತು ಬಿದ್ದಾಗ ಅದರ ಮೈಮೇಲಿನ ಉಣ್ಣೆಗಳು ಅಲ್ಲೇ ಉದುರುತ್ತವೆ. ದರಗು ಗುಡಿಸುವ, ಸೌದೆ ತರುವ ಬೇಸಿಗೆಯಲ್ಲೇ ಜ್ವರ ಜಾಸ್ತಿ ಯಾಕೆ ಅಂತ ಆಗ ಅರ್ಥವಾಯಿತು. ಮನುಷ್ಯರಿಂದ ಮನುಷ್ಯರಿಗೆ ಇದು ಅಂಟುವುದಿಲ್ಲ.

ದನದ ವಿಷಯ ಕೇಳು. ದನಗಳು ಈ ವೈರಸ್ ಹರಡುವುದಿಲ್ಲ. ಆದರೆ ಬೆಳೆದ ಉಣ್ಣೆಗಳು ಅವುಗಳ ರಕ್ತ ಕುಡಿದೇ ಮೊಟ್ಟೆ ಇಡುತ್ತವೆ. ಕಾಡು ಕಡಿದು, ಅಂಚಿನಲ್ಲಿ ದನ ಮೇಯಿಸಿದಷ್ಟೂ ಉಣ್ಣೆ ಹೆಚ್ಚುತ್ತದೆ. 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿಯ ಕಡೆ ಗೇರು ತೋಟಕ್ಕಾಗಿ ಕಾಡು ಕಡಿದ ಮೇಲೆ ಸಾವಿರಕ್ಕೂ ಹೆಚ್ಚು ಜನಕ್ಕೆ ಈ ಜ್ವರ ಬಂತು. ನೆಲ, ಮರ, ಕೊಟ್ಟಿಗೆ ಯಾವುದನ್ನೂ ಬಿಟ್ಟು ಈ ರೋಗವನ್ನು ಓದಲು ಆಗುವುದಿಲ್ಲ.

ಲಸಿಕೆಯ ಕಥೆ ಮಾತ್ರ ನೆನೆದರೆ ಸಂಕಟವಾಗುತ್ತದೆ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಸ್ ಬೆಳೆಸಿ, ಕೊಂದು ಮಾಡಿದ ಲಸಿಕೆಯನ್ನು 1990ರಿಂದ ನಮ್ಮ ಕಡೆ ಕೊಟ್ಟರು. 2005ರಿಂದ 2010ರವರೆಗಿನ ಲೆಕ್ಕ ತೆಗೆದಾಗ ಎರಡು ಡೋಸಿಗೆ ಸುಮಾರು 62 ಪ್ರತಿಶತ, ಬೂಸ್ಟರ್ ಸೇರಿದರೆ ಸುಮಾರು 83 ಪ್ರತಿಶತ ರಕ್ಷಣೆ ಕಂಡಿತು. ಚುಚ್ಚಿದ ಜಾಗ ತುಂಬಾ ನೋಯುತ್ತಿತ್ತು, ಹಾಗಾಗಿ ಜನ ಮುಂದಿನ ಡೋಸಿಗೆ ಬರುತ್ತಿರಲಿಲ್ಲ. 2019ರಲ್ಲಿ ಸಾಗರದ ಅರಲಗೋಡಿನಲ್ಲಿ ಎಷ್ಟು ಜನರನ್ನು ಕಳೆದುಕೊಂಡೆವು, ನೆನಪಿದೆಯಲ್ವಾ? ಕೊನೆಗೆ ಶಕ್ತಿ ಸಾಲದು ಅಂತ 2022ರಲ್ಲಿ ಆ ಲಸಿಕೆಯನ್ನೇ ನಿಲ್ಲಿಸಿದರು. ಹೊಸ ಲಸಿಕೆಯ ಕೆಲಸ ಶುರುವಾಗಿದೆ. ವೈರಸ್ ಸಿಕ್ಕಿ ಅರವತ್ತು ವರ್ಷ ದಾಟಿದ ಮೇಲೆ! ಈ ಜ್ವರ ಪೇಟೆಗಳಲ್ಲಿ ಬರುತ್ತಿದ್ದರೆ ಇಷ್ಟು ತಡವಾಗುತ್ತಿತ್ತೇ ಅಂತ ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಹಂದಿಗೋಡು ಕಾಯಿಲೆಯೂ ನಮ್ಮ ಸಾಗರ ತಾಲೂಕಿನದೇ. ಮೂಳೆ, ಕೀಲು ಸವೆಸುವ ಅದು ವಂಶದಲ್ಲಿ ಹರಿದು ಬರುವುದು ಅಂತ ಕಂಡುಕೊಂಡರು. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಈಗ ನಿನ್ನಿಂದ ಒಂದು ಕೆಲಸ ಆಗಬೇಕು. ವರದಿಗಳಲ್ಲಿ ಡಾಕ್ಟರುಗಳ ಹೆಸರಿದೆ, ಉಣ್ಣೆಯ ಹೆಸರಿದೆ. ಸತ್ತ ಮಂಗ ಎಲ್ಲಿದೆ ಅಂತ ಕಾಡಿನೊಳಗೆ ದಾರಿ ತೋರಿಸಿದವರು, ಜ್ವರದಲ್ಲಿ ಮಲಗಿದ್ದಾಗಲೂ ರಕ್ತ ಕೊಟ್ಟವರು ಯಾರು? ನಿನ್ನ ಅಜ್ಜಿ ಮದುವೆಯಾಗಿ ಆ ಕಾಡಿನ ಕಡೆಯ ಊರಿಗೆ ಬಂದಿದ್ದು ಮಂಗ ಸತ್ತ ಅದೇ 1957ರಲ್ಲಿ ಅಂತ ನೀನೇ ಹೇಳಿದ್ದೆ. ಸಂಕ್ರಾಂತಿಗೆ ಬಂದಾಗ ಅವರ ಪಕ್ಕ ಕೂತು ನಿಧಾನಕ್ಕೆ ಕೇಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ನಾನೂ ಬರುತ್ತೇನೆ, ದಿನ ತಿಳಿಸು.

ನಿನ್ನ ಗೆಳೆಯ